‘ಗಾಣದ ಎಣ್ಣೆ’ ಅನ್ನೋ ವೆಬ್ ವಿಳಾಸಕ್ಕೆ 45,000 ಕೊಡಬಹುದಾ?

ಪ್ರಶ್ನೆ: ಚಳ್ಳಕೆರೆಯಲ್ಲಿ ನಮ್ಮದು ಮರದ ಗಾಣ. ಅಂಗಡಿಗೆ ತಿಪ್ಪೇರುದ್ರಸ್ವಾಮಿ ಹೆಸರಿಟ್ಟಿದ್ದೇವೆ, ವೆಬ್‌ಸೈಟೂ ಅದೇ ಹೆಸರಲ್ಲಿದೆ. ಬೆಂಗಳೂರಿನ ಗಿರಾಕಿಗಳಿಗೆ ಅದನ್ನು ಟೈಪ್ ಮಾಡೋದೇ ಕಷ್ಟ. ಈಗ ಒಬ್ಬರು ಫೋನ್ ಮಾಡಿ, ‘ಗಾಣದಎಣ್ಣೆ ಡಾಟ್ ಇನ್’ ನನ್ನ ಹತ್ತಿರ ಇದೆ, 45,000 ಕೊಡಿ, ಗೂಗಲ್‌ನಲ್ಲಿ ನೀವೇ ಮೊದಲು ಬರುತ್ತೀರಿ ಅಂತಿದ್ದಾರೆ. ತಗೊಳ್ಳಲಾ?
– ಗಾಣದ ಮಾಲೀಕರು, ಚಳ್ಳಕೆರೆ

ಉತ್ತರ: ಗೂಗಲ್ ಮಾತನ್ನು ನಂಬಬೇಡಿ. ಅದು ಹಳೇ ಕಥೆ. ಒಂದು ಕಾಲದಲ್ಲಿ ಜನ ಹುಡುಕುವ ಪದವೇ ವಿಳಾಸವಾಗಿದ್ದರೆ ಮೇಲೆ ಬರೋದು ಸುಲಭವಾಗಿತ್ತು. ಒಳಗೆ ಏನೂ ಇಲ್ಲದ ಸೈಟುಗಳೂ ಹಾಗೇ ಮೇಲೇರಿದವು. 2012ರ ಸೆಪ್ಟೆಂಬರ್‌ನಲ್ಲಿ ಗೂಗಲ್ ಇಂಥವನ್ನು ಕೆಳಗಿಳಿಸುವ ಬದಲಾವಣೆ ತಂದಿತು. ಫೋನ್ ಮಾಡಿದವರು ಅದಕ್ಕೂ ಹಿಂದಿನ ಮಾಲನ್ನು ಮಾರುತ್ತಿದ್ದಾರೆ.

ಹಾಗಂತ ಇಂಥ ಹೆಸರಿಂದ ಲಾಭವೇ ಇಲ್ಲ ಅಂತಲ್ಲ. ಲಾಭ ಇರೋದು ಗಿರಾಕಿಯ ಕಿವಿಯಲ್ಲಿ. ದಾವಣಗೆರೆಯ ಪಿ.ಬಿ. ರೋಡಿನಲ್ಲಿ ಒಂದು ಆಟೋ ನಿಮ್ಮ ಮುಂದೆ ಹೋಗ್ತಿದೆ ಅಂದ್ಕೊಳ್ಳಿ. ಹಿಂದೆ ನಿಮ್ಮ ಜಾಹೀರಾತು. ಸಿಗ್ನಲ್ ಬಿಡೋದರೊಳಗೆ ‘ತಿಪ್ಪೇರುದ್ರಸ್ವಾಮಿ’ಯ ಇಂಗ್ಲಿಷ್ ಸ್ಪೆಲ್ಲಿಂಗ್ ಓದಿ ನೆನಪಿಟ್ಟುಕೊಳ್ಳೋರು ಯಾರು? ‘ಗಾಣದ ಎಣ್ಣೆ’ ಅಂದರೆ ಏನು ಮಾರುತ್ತೀರಿ ಅಂತಲೂ ಗೊತ್ತಾಯ್ತು, ಎಲ್ಲಿ ಸಿಗುತ್ತೆ ಅಂತಲೂ ಗೊತ್ತಾಯ್ತು. ಐದು ಲೀಟರ್ ಕ್ಯಾನಿನ ಲೇಬಲ್ಲಿಗೂ ಅಷ್ಟೇ. ಇನ್ನು ಗೂಗಲ್‌ನಲ್ಲಿ ದುಡ್ಡು ಕೊಟ್ಟು ಜಾಹೀರಾತು ಹಾಕಿದರೆ, ಹುಡುಕಿದ ಮಾತೇ ವಿಳಾಸದಲ್ಲಿ ಕಂಡಾಗ ಒತ್ತೋಣ ಅನ್ನಿಸುತ್ತದೆ.

ಆದರೆ ತೊಡಕೂ ಕಿವಿಯಲ್ಲೇ ಇದೆ. ಒಂದು ಪರೀಕ್ಷೆ ಮಾಡಿ. ಮನೆಯಲ್ಲಿ ಐದು ಜನಕ್ಕೆ ‘ಗಾಣದ ಎಣ್ಣೆ’ ಅಂತ ಬಾಯಲ್ಲಿ ಹೇಳಿ, ಇಂಗ್ಲಿಷ್ ಅಕ್ಷರದಲ್ಲಿ ಬರೆಯೋಕೆ ಹೇಳಿ. ಒಬ್ಬರು ‘ಗಾ’ಕ್ಕೆ ಒಂದು ‘ಎ’ ಹಾಕ್ತಾರೆ, ಇನ್ನೊಬ್ಬರು ಎರಡು. ‘ಎಣ್ಣೆ’ ಅನ್ನು ‘ಇ’ಯಿಂದ ಶುರು ಮಾಡೋರೂ ಇದ್ದಾರೆ, ‘ವೈ’ಯಿಂದ ಶುರು ಮಾಡೋರೂ ಇದ್ದಾರೆ. ಅರ್ಧಂಬರ್ಧ ಟೈಪ್ ಮಾಡಿದರೆ ಗಾಣದ ಬದಲು ಗಾನ ಬಂದು, ಹಾಡು ಕೇಳಿಸೋ ಆ್ಯಪ್ ತೆರೆದುಕೊಳ್ಳುತ್ತೆ! ಐದರಲ್ಲಿ ನಾಲ್ಕು ಜನ ಒಂದೇ ಥರ ಬರೆಯದಿದ್ದರೆ ಆ ಹೆಸರಿಗೆ 45,000 ಬೇಡ.

ಪದವೂ ಊರಿಂದ ಊರಿಗೆ ಬೇರೆ. ನಮ್ಮ ಕಡೆ ಶೇಂಗಾ, ಬೆಂಗಳೂರಿನ ಕಡೆ ಕಡ್ಲೆಕಾಯಿ. ಎಣ್ಣೆ ಜಾಸ್ತಿ ಹೋಗೋದು ಯಾವ ಊರಿಗೋ ಆ ಊರಿನ ಮಾತು ನೋಡಿ.

ಇನ್ನೊಂದು ಮುಖ್ಯ ವಿಷಯ. ‘ಗಾಣದ ಎಣ್ಣೆ’ ಎಲ್ಲರ ಮಾತು. ಸರಕನ್ನು ಸುಮ್ನೆ ವರ್ಣಿಸುವ ಇಂಥ ಪದಕ್ಕೆ 1999ರ ಟ್ರೇಡ್‌ಮಾರ್ಕ್ ಕಾಯ್ದೆಯಲ್ಲಿ ಸುಲಭಕ್ಕೆ ನೋಂದಣಿ ಸಿಗಲ್ಲ. ನಾಳೆ ಪಕ್ಕದ ಬೀದಿಯವರು ಒಂದು ‘ಎ’ ಸೇರಿಸಿ ಅದೇ ಹೆಸರು ತಗೊಂಡರೆ ತಡೆಯೋದು ಕಷ್ಟ. ಕೆಲಸ ಹುಡುಕಿಕೊಡುವ ಸೈಟ್ ನೌಕ್ರಿ ಡಾಟ್ ಕಾಮ್‌ಗೆ ಇದೇ ಆಗಿತ್ತು. ಇನ್ನೊಬ್ಬರು ನಡುವೆ ಒಂದು ‘ಎ’ ಸೇರಿಸಿ ವಿಳಾಸ ಮಾಡಿಕೊಂಡರು. 2002ರಲ್ಲಿ ದೆಹಲಿ ಹೈಕೋರ್ಟ್ ತಡೆ ಕೊಟ್ಟಿತು. ಕೆಲಸ ಅನ್ನೋ ಸಾದಾ ಪದವಾದರೂ, 1997ರಿಂದ ಬಳಸಿ ಬಳಸಿ ಅದು ಅವರದೇ ಗುರುತಾಗಿತ್ತು. ನಿಮಗೆ ಆ ಬಲ ಇನ್ನೂ ಬಂದಿಲ್ಲ. ಹಾಗಾಗಿ ತಿಪ್ಪೇರುದ್ರಸ್ವಾಮಿಯನ್ನು ಬಿಡಬೇಡಿ. ಲೇಬಲ್ಲಿನಲ್ಲಿ ಹೆಸರು ಅದೇ ಇರಲಿ. ಸಾದಾ ಪದದ ವಿಳಾಸ ಬರೀ ಬಾಗಿಲು, ಒತ್ತಿದರೆ ಈಗಿನ ಸೈಟಿಗೇ ಹೋಗುವ ಹಾಗೆ ಮಾಡಿಸಿ. ಅದು ಹತ್ತು ನಿಮಿಷದ ಕೆಲಸ.

ನನ್ನನ್ನು ಕೇಳಿದರೆ 45,000 ಕೊಡಬೇಡಿ. ‘ಚಳ್ಳಕೆರೆ ಎಣ್ಣೆ’ ಅನ್ನೋ ಥರದ್ದು ಖಾಲಿ ಇದೆಯಾ ನೋಡಿ. ಎಣ್ಣೆ ಮಿಲ್ಲುಗಳಿಗೆ ನಿಮ್ಮ ಊರು ಮೊದಲೇ ಹೆಸರುವಾಸಿ. ಯಾರೂ ತಗೊಳ್ಳದ ‘ಡಾಟ್ ಇನ್’ ಹೆಸರಿಗೆ ಸಾಮಾನ್ಯವಾಗಿ ವರ್ಷಕ್ಕೆ ಸಾವಿರದೊಳಗೇ ಆಗುತ್ತೆ. ಎರಡು ಮೂರು ಸ್ಪೆಲ್ಲಿಂಗ್ ಸೇರಿಸಿ ತಗೊಂಡರೂ ಜೇಬಿಗೆ ಭಾರವಲ್ಲ. ಕನ್ನಡ ಅಕ್ಷರದಲ್ಲೇ ‘ಡಾಟ್ ಭಾರತ’ ಕೂಡ ಸಿಗುತ್ತೆ. ಫ್ಲೆಕ್ಸಿಗೆ ಚೆಂದ, ಸ್ಪೆಲ್ಲಿಂಗ್ ಜಗಳವೂ ಇಲ್ಲ. ಆದರೆ ಕೆಲವು ಕಡೆ ‘ಎಕ್ಸ್‌ಎನ್’ ಅಂತ ಶುರುವಾಗುವ ಅರ್ಥವಾಗದ ಅಕ್ಷರಗಳಾಗಿ ಕಾಣುತ್ತೆ. ಅದನ್ನೊಂದನ್ನೇ ನಂಬಿ ಕೂರಬೇಡಿ.

ಏನೇ ತಗೊಂಡರೂ ನಿಮ್ಮ ಹೆಸರಲ್ಲಿ, ನಿಮ್ಮ ಇಮೇಲಿಗೆ ನೋಂದಣಿಯಾಗಲಿ. ವೆಬ್‌ಸೈಟ್ ಮಾಡಿಕೊಟ್ಟ ಹುಡುಗನ ಹೆಸರಲ್ಲಿ ಬೇಡ. ನಾನೇ ಒಮ್ಮೆ ಹಾಗೆ ಬಿಟ್ಟು, ಆತ ಊರು ಬಿಟ್ಟ ಮೇಲೆ ನವೀಕರಣದ ನೆನಪೂ ಬರದೆ ಹೆಸರು ಕಳಕೊಂಡೆ.

ಪ್ರಶ್ನೆ: ‘ಮೊಳಕಾಲ್ಮೂರು ಸೀರೆ’ ಅಂತ ವಿಳಾಸ ಖಾಲಿ ಇದೆ. ಬೇರೆ ಕಡೆಯ ರೇಷ್ಮೆ ಸೀರೆನೂ ಅದರಲ್ಲಿ ಮಾರಬಹುದಾ?
– ಬಟ್ಟೆ ಅಂಗಡಿಯವರು, ದಾವಣಗೆರೆ

ಉತ್ತರ: ಬೇಡ. ಅದು ಸಾದಾ ಪದವಲ್ಲ, ಜಿಐ, ಅಂದರೆ ಆ ಊರಿನ ಸರಕಿಗಷ್ಟೇ ಸಲ್ಲುವ ಭೌಗೋಳಿಕ ಗುರುತಿನ ನೋಂದಣಿ ಇರುವ ಹೆಸರು. ಆ ಹೆಸರಿನಡಿ ಬೇರೆ ಸೀರೆ ಮಾರಿದರೆ ಕೇಸ್ ಬೀಳಬಹುದು. ಮೊಳಕಾಲ್ಮೂರಿನ ನೇಕಾರರಿಂದಲೇ ಮಾಲು ತರಿಸೋದಾದರೆ ಮಾತು ಬೇರೆ. ಆಗ ಪ್ರತಿ ಬಿಲ್ಲನ್ನೂ ಜೋಪಾನವಾಗಿಡಿ.