ಜರ್ಮೇನಿಯಂ ಆಮೇಲೆ, ಮೊದಲು ಟ್ರಾನ್ಸಿಸ್ಟರಿನ ಕಾಲು ನೋಡಿ

ಗಿಟಾರಿಗೆ ಫಜ್ ಪೆಡಲ್ (ಸದ್ದನ್ನು ಬೇಕೆಂದೇ ಒರಟು ಮಾಡುವ, ಕಾಲಲ್ಲಿ ತುಳಿಯುವ ಪೆಟ್ಟಿಗೆ) ಕಟ್ಟಿದ್ದೀರಿ, ಅದರಲ್ಲಿ ಸಿಗ್ನಲ್ ಹಿಗ್ಗಿಸುವ 2ಎನ್5088 ಟ್ರಾನ್ಸಿಸ್ಟರ್ ಸಿಗದೆ ಬಿಸಿ547 (BC547) ಹಾಕಿದ್ದೀರಿ, ಸದ್ದು ಸೊರಗಿದೆ. ಈ ಸಿಲಿಕಾನ್ ಟ್ರಾನ್ಸಿಸ್ಟರ್ ತೆಗೆದು ಹಳೇ ಥರದ ಜರ್ಮೇನಿಯಂ ಹಾಕಲಾ ಅಂತ ಕೇಳಿದ್ದೀರಿ. ಬೇಡ. ನಾನು ಹಾಕಿ ಕೆಟ್ಟೆ.

ಡಿಪ್ಲೊಮಾ ಎರಡನೇ ವರ್ಷದ ರಜೆಯಲ್ಲಿ ನಾನೂ ಹಿಡಿದದ್ದು ಫಜ್ ಫೇಸ್ ಅನ್ನುವ ಪೆಡಲಿನ ಸರ್ಕ್ಯೂಟನ್ನೇ. 1966ರಲ್ಲಿ ಲಂಡನ್ನಿನಿಂದ ಬಂದದ್ದು, ರಾಕ್ ಗಿಟಾರಿಸ್ಟ್ ಜಿಮಿ ಹೆಂಡ್ರಿಕ್ಸ್ ತುಳಿದದ್ದು. ಎರಡು ಟ್ರಾನ್ಸಿಸ್ಟರ್, ಮೂರು ಕೆಪಾಸಿಟರ್, ನಾಲ್ಕು ರೆಸಿಸ್ಟರ್, 9 ವೋಲ್ಟ್ ಬ್ಯಾಟರಿ. ಇಷ್ಟೇ ತಾನೇ ಅಂದುಕೊಂಡೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ನನಗೂ ಸಿಕ್ಕಿದ್ದು ಬಿಸಿ547.

ಈಗ ನನ್ನ ತಪ್ಪು ಕೇಳಿ. ಚಪ್ಪಟೆ ಮುಖ ನಿಮ್ಮ ಕಡೆ, ಕಾಲು ಕೆಳಗೆ ಇರಲಿ. 2ಎನ್5088ರಲ್ಲಿ ಮೂರು ಕಾಲು ಎಡದಿಂದ ಎಮಿಟರ್, ಬೇಸ್, ಕಲೆಕ್ಟರ್. ಬಿಸಿ547ರಲ್ಲಿ ಕಲೆಕ್ಟರ್, ಬೇಸ್, ಎಮಿಟರ್. ಪೂರ್ತಿ ಉಲ್ಟಾ. ನಾನು 2ಎನ್5088ಗೆ ಬರೆದ ಚಿತ್ರದಲ್ಲಿ ಮುಖ ಎತ್ತ ಇತ್ತೋ ಅತ್ತಲೇ ಇಟ್ಟು ಬೆಸುಗೆ ಹಾಕಿಬಿಟ್ಟೆ. ಸರ್ಕ್ಯೂಟ್ ಸತ್ತೇ ಹೋಗಿದ್ದರೆ ಬೇಗ ಗೊತ್ತಾಗುತ್ತಿತ್ತು. ಸಾಯಲಿಲ್ಲ. ನಡುವಿನ ಕಾಲು ಎರಡರಲ್ಲೂ ಬೇಸೇ. ಉಲ್ಟಾ ಇಟ್ಟ ಟ್ರಾನ್ಸಿಸ್ಟರೂ ಕೆಲಸ ಮಾಡುತ್ತದೆ, ಗೇನ್ (ಕರೆಂಟನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಅನ್ನೋದು) ಮಾತ್ರ ನೂರಾರು ಇರಬೇಕಾದಲ್ಲಿ ನಾಲ್ಕೋ ಐದೋ. ತಂತಿ ಮೀಟಿದರೆ ಫರ್ರ್ ಅಂತ ಕೆಮ್ಮಿ ಸುಮ್ಮನಾಗುತ್ತಿತ್ತು.

ಮಲ್ಟಿಮೀಟರಿನ ಡಯೋಡ್ ಟೆಸ್ಟಿನಲ್ಲಿ ಎಲ್ಲ ಸರಿ. ಬೇಸಿನಿಂದ ಎರಡೂ ಕಡೆ 0.6, 0.7 ವೋಲ್ಟ್. ಹೇಗಿಟ್ಟರೂ ಅಷ್ಟೇ ಬರುತ್ತದೆ ಅಂತ ಆಗ ಹೊಳೆಯಲಿಲ್ಲ. ಎರಡನೇ ಟ್ರಾನ್ಸಿಸ್ಟರಿನ ಕಲೆಕ್ಟರಿನಲ್ಲಿ 4.5 ವೋಲ್ಟ್ ಆಸುಪಾಸು ಇರಬೇಕಿತ್ತು, ಒಂದೂವರೆ ಇತ್ತು. 8.2ಕೆ ರೆಸಿಸ್ಟರ್ ಕಿತ್ತು, ತಿರುಗಿಸಿ ಬದಲಿಸಬಹುದಾದ ಟ್ರಿಮ್‌ಪಾಟ್ ಹಾಕಿ, ತಿರುಗಿಸಿ ತಿರುಗಿಸಿ 4.5 ತಂದೇಬಿಟ್ಟೆ. ಮೀಟರಿಗೆ ಖುಷಿ. ಗಿಟಾರಿಗೆ ಅದೇ ಕೆಮ್ಮು.

ಆಗ ನಿಮ್ಮ ಯೋಚನೆಯೇ ನನಗೂ ಬಂತು. ಎಸಿ128 ಅನ್ನುವ ಜರ್ಮೇನಿಯಂ ಟ್ರಾನ್ಸಿಸ್ಟರ್ ಎರಡನ್ನು 600 ರೂಪಾಯಿ ಕೊಟ್ಟು ತರಿಸಿದೆ. ಅವು ಪಿಎನ್‌ಪಿ, ಅಂದರೆ ಕರೆಂಟ್ ಹರಿಯುವ ದಿಕ್ಕು ಉಲ್ಟಾ, ಹಾಗಾಗಿ ಬ್ಯಾಟರಿ, ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಎಲ್ಲ ತಿರುಗಿಸಬೇಕು. ಕೀಳೋದು, ಹಾಕೋದು, ಮತ್ತೆ ಕೀಳೋದು. ಕೊನೆಗೆ ಬೋರ್ಡಿನ ತಾಮ್ರದ ಪಟ್ಟಿಯೇ ಎದ್ದು ಬಂತು.

ಬೇಜಾರಿನಲ್ಲಿ, ಕಿತ್ತಿಟ್ಟಿದ್ದ ಒಂದು ಬಿಸಿ547 ತಗೊಂಡು ಸುಮ್ನೆ ಮೀಟರಿನ ಗೇನ್ ಅಳೆಯುವ ಎಚ್‌ಎಫ್‌ಇ ತೂತಿಗೆ ಚುಚ್ಚಿದೆ. 4 ಅಂತ ತೋರಿಸಿತು. ಸುಟ್ಟುಹೋಗಿದೆ ಅಂತ ಬಿಸಾಡಲು ಹೊರಟವನು, ಯಾಕೋ ತಿರುಗಿಸಿ ಚುಚ್ಚಿದೆ. 312! ಕೆಟ್ಟಿದ್ದು ಟ್ರಾನ್ಸಿಸ್ಟರಲ್ಲ, ನಾನಿಟ್ಟ ದಿಕ್ಕು. ಅಷ್ಟರಲ್ಲಿ ಮೂರು ವಾರದ ರಜೆ ಹೋಗಿತ್ತು.

ಜರ್ಮೇನಿಯಂ ಸದ್ದು ಹೆಚ್ಚು ಮೃದು ಅನ್ನುವುದು ಸುಳ್ಳಲ್ಲ. ಆದರೆ ಸೆಕೆಗೆ ಅದರ ಲೀಕೇಜ್ (ಸೋರುವ ಕರೆಂಟ್) ಜಾಸ್ತಿಯಾಗಿ ಬಯಾಸ್, ಅಂದರೆ ಕಷ್ಟಪಟ್ಟು ಹೊಂದಿಸಿದ ಆ ವೋಲ್ಟೇಜ್, ಜಾರುತ್ತದೆ. ನೀವಿರೋದು ಕಲಬುರಗಿ ಅಂತೀರಿ. ಮೇ ತಿಂಗಳಲ್ಲಿ ಫ್ರಿಜ್ಜಿನಲ್ಲಿಟ್ಟು ನುಡಿಸ್ತೀರಾ? ಸಿಲಿಕಾನ್ ಹಾಕಿದ ಫಜ್ ಫೇಸ್‌ಗಳನ್ನು ಹೆಂಡ್ರಿಕ್ಸೇ ಬಳಸಿದ್ದರು, ನಿಮಗೂ ನನಗೂ ಧಾರಾಳ ಸಾಕು.

ನಿಮ್ಮದೂ ಇದೇ ತಪ್ಪು ಅನ್ನಿಸುತ್ತದೆ. ಇವತ್ತೇ ಎರಡೂ ಬಿಸಿ547 ಕಿತ್ತು ಅರ್ಧ ಸುತ್ತು ತಿರುಗಿಸಿ ಹಾಕಿ. ಈ ಸಲ ನೇರ ಬೆಸುಗೆ ಬೇಡ, ಸಾಕೆಟ್ ಹಾಕಿ. ಕಿಟ್ ತರಿಸುವ ಯೋಚನೆ ಇದ್ದರೆ ಆ ದುಡ್ಡಿಗೆ ಎಚ್‌ಎಫ್‌ಇ ಇರುವ ಮೀಟರ್ ತಗೊಳ್ಳಿ. ನನ್ನ ಎಸಿ128 ಎರಡೂ ಇನ್ನೂ ಡ್ರಾಯರಿನಲ್ಲಿವೆ. ನಿಮ್ಮ ಪೆಡಲ್ ಸರಿಯಾಗಿ ಕೂಗಿದ ಮೇಲೂ ಬೇಕು ಅನ್ನಿಸಿದರೆ ಕೇಳಿ, ಕೊಡುತ್ತೇನೆ.