ಗುಳಿಗೆಯೂ ಮಾವನವರ ಭಯವೂ

ಪ್ರಶ್ನೆ: ನನ್ನ 9 ವರ್ಷದ ಮಗನಿಗೆ ಎಡಿಎಚ್‌ಡಿ (ಗಮನ ನಿಲ್ಲದ, ಅತಿಯಾಗಿ ಚಡಪಡಿಸುವ ತೊಂದರೆ) ಎಂದು ಮಂಗಳೂರಿನ ವೈದ್ಯರು ಮೀಥೈಲ್‌ಫೆನಿಡೇಟ್ ಎಂಬ ಗುಳಿಗೆ ಬರೆದುಕೊಟ್ಟಿದ್ದಾರೆ. ‘ಇದೂ ಮತ್ತಿನ ಮದ್ದೇ, ದೊಡ್ಡವನಾದ ಮೇಲೆ ಎಂಡಿಎಂಎಯಂಥ ಮಾದಕವಸ್ತುವಿಗೆ ಇಳಿಯುತ್ತಾನೆ’ ಎಂದು ಮಾವನವರು ತಡೆಯುತ್ತಿದ್ದಾರೆ. ಏನು ಮಾಡಲಿ?
– ಒಬ್ಬ ತಾಯಿ, ಬದಿಯಡ್ಕ

ಉತ್ತರ: ಮಾವನವರನ್ನು ಗದರಬೇಡಿ. ಇದು ಉತ್ತೇಜಕ ಔಷಧವೇ. ಮಾದಕವಸ್ತು ಕಾಯಿದೆಯ ಹಿಡಿತದಲ್ಲಿದೆ, ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಆದರೆ ಹೇಳಿದ ಪ್ರಮಾಣದಲ್ಲಿ ನುಂಗಿದ ಗುಳಿಗೆ ಮಿದುಳನ್ನು ನಿಧಾನವಾಗಿ ತಲಪುತ್ತದೆ, ಅಮಲೇರಿಸುವುದಿಲ್ಲ. 2013ರಲ್ಲಿ 15 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬಾಲ್ಯದಲ್ಲಿ ಇಂಥ ಔಷಧ ಪಡೆದವರಲ್ಲಿ ಮುಂದೆ ವ್ಯಸನ ಹೆಚ್ಚಿರಲಿಲ್ಲ. ಕಡಿಮೆಯೂ ಇರಲಿಲ್ಲ, ಆದ್ದರಿಂದ ಇದನ್ನು ರಕ್ಷಾಕವಚವೆಂದು ಹೊಗಳುವವರನ್ನೂ ನಾನು ನಂಬುವುದಿಲ್ಲ. ಅಮೆರಿಕದಲ್ಲಿ ಮಕ್ಕಳನ್ನು ಯೌವನದವರೆಗೆ ಗಮನಿಸಿದ ಅಧ್ಯಯನವೂ 2023ರಲ್ಲಿ ಇದನ್ನೇ ಕಂಡಿತು.

ಅಪಾಯ ಹೆಚ್ಚಿಸುವುದು ಎಡಿಎಚ್‌ಡಿಯೇ. ಹಿಂದುಮುಂದು ನೋಡದ ಸ್ವಭಾವದ ಈ ಮಕ್ಕಳು ತಂಬಾಕಿಗೆ ಬೇಗ ಕೈಹಾಕುತ್ತಾರೆ. ಮಾವನವರ ಎಲೆಯಡಿಕೆ ತಟ್ಟೆಯಲ್ಲಿ ಹೊಗೆಸೊಪ್ಪು ಇದೆಯೇ? ಇದ್ದರೆ ನನಗೆ ಗುಳಿಗೆಗಿಂತ ಅದರದೇ ಚಿಂತೆ.

ಗುಳಿಗೆಯಿಂದ ಹಸಿವೆ, ನಿದ್ದೆ ಕಡಿಮೆಯಾಗಬಹುದು. ಬೆಳಗ್ಗೆ ಮೊದಲು ದೋಸೆ ತಿನ್ನಿಸಿ, ಆಮೇಲೆ ಗುಳಿಗೆ ಕೊಡಿ. ತೂಕ, ಎತ್ತರ, ರಕ್ತದೊತ್ತಡ ಆಗಾಗ ನೋಡಿಸಿ. ಡಬ್ಬಿಗೆ ಬೀಗವಿರಲಿ, ಕಾಲೇಜಿಗೆ ಹೋಗುವ ದಾಯಾದಿ ಹುಡುಗರು ಪರೀಕ್ಷೆಗೆ ಓದಲೆಂದು ಒಂದು ಗುಳಿಗೆ ಕೇಳಿದರೂ ಕೊಡಬೇಡಿ. ಮುಂದಿನ ಭೇಟಿಗೆ ಮಾವನವರನ್ನೂ ಕರೆದುಕೊಂಡು ಹೋಗಿ, ಪ್ರಶ್ನೆಯನ್ನು ಅವರೇ ಕೇಳಲಿ.