ಸಿರಪ್ ಬದಲಾಯಿಸ್ತಾ ಕೂರ್ಬೇಡಿ, ಇವತ್ತೇ ತೋರ್ಸಿ

ಅಕ್ಕ, ಮುಳಬಾಗಿಲಿಂದ ಬರ್ದಿದ್ದೀರ, ಮೂರು ವರ್ಷದ ಮಗೂಗೆ ಆರು ದಿನದಿಂದ ಜ್ವರ, ಮೈಯೆಲ್ಲ ಕೆಂಪು ದದ್ದು, ಅಮಾಕ್ಸಿಸಿಲಿನ್ ಅನ್ನೋ ಆಂಟಿಬಯಾಟಿಕ್ ಮೂರು ದಿನ ಹಾಕಿದ್ರೂ ಇಳೀತಿಲ್ಲ, ಬೇರೆ ಯಾವ ಸಿರಪ್ ಕೊಡ್ಬೋದು ಅಂತ. ದಯವಿಟ್ಟು ಸಿರಪ್ ಹುಡುಕ್ಬೇಡಿ, ಇವತ್ತೇ ಕೋಲಾರಕ್ಕೆ ಮಕ್ಕಳ ಡಾಕ್ಟ್ರ ಹತ್ರ ಕರ್ಕೊಂಡೋಗಿ.

ಇದು ಸ್ಕಾರ್ಲೆಟ್ ಫೀವರ್ ಅನ್ನೋ ಕಾಯಿಲೆ ಆಗಿದ್ರೆ ಗಂಟ್ಲು ನೋವು ಜೋರಿರುತ್ತೆ, ದದ್ದು ಮುಟ್ಟಿದ್ರೆ ಉಪ್ಪುಕಾಗದದ ಥರ ಒರಟು, ಅದು ಬ್ಯಾಕ್ಟೀರಿಯಾದ್ದು, ಆಂಟಿಬಯಾಟಿಕ್ ಶುರುವಾಗಿ ಒಂದೆರಡು ದಿನಕ್ಕೆ ಸಾಮಾನ್ಯವಾಗಿ ಜ್ವರ ಇಳಿಯುತ್ತೆ. ನಿಮ್ಮ ಮಗೂಗೆ ಗೀಜಿಲ್ದೆ ಎರಡೂ ಕಣ್ಣು ಕೆಂಪು, ತುಟಿ ಒಡೆದಿದೆ, ಅಂಗೈ ಅಂಗಾಲು ಊದಿದೆ ಅಂತೀರ, ಇದು ಕವಾಸಾಕಿ ಅನ್ನೋ ಕಾಯಿಲೆನಾ ಅಂತ ನೋಡ್ಲೇಬೇಕು. ಅದು ರಕ್ತನಾಳಗಳ ಉರಿಯೂತ, ಆಂಟಿಬಯಾಟಿಕ್ ಕೆಲ್ಸ ಮಾಡಲ್ಲ, ಜ್ವರ ತಾನಾಗೇ ಇಳಿದ್ರೂ ಒಳಗೆ ಹೃದಯದ ನಾಳ ಹಾಳಾಗ್ತಿರ್ಬೋದು, ಚಿಕಿತ್ಸೆ ಸಿಗದಿದ್ರೆ ಸುಮಾರು ನಾಲ್ಕು ಮಕ್ಕಳಲ್ಲಿ ಒಬ್ರಿಗೆ ಹಂಗಾಗುತ್ತೆ. ಜ್ವರ ಶುರುವಾದ 10 ದಿನದೊಳಗೆ ಐವಿಐಜಿ ಅನ್ನೋ ಡ್ರಿಪ್ (ದಾನಿಗಳ ರಕ್ತದಿಂದ ತೆಗೆದ ರೋಗನಿರೋಧಕ ಪ್ರೋಟೀನ್) ಕೊಟ್ರೆ ಆ ಅಪಾಯ ತುಂಬಾನೇ ಕಮ್ಮಿ, ನಿಮ್ಗೆ ಆಗ್ಲೇ ಆರು ದಿನ ಆಗೋಗಿದೆ. ಇದನ್ನ ಹೇಳೋಕೆ ಒಂದೇ ಒಂದು ಟೆಸ್ಟ್ ಅಂತಿಲ್ಲ, ಲಕ್ಷಣ ನೋಡಿ, ರಕ್ತ ಪರೀಕ್ಷೆ, ಹೃದಯದ ಎಕೋ ಅನ್ನೋ ಸ್ಕ್ಯಾನ್ ಮಾಡಿಸ್ತಾರೆ.

ಮನೇಲಿ ಹಿರಿಯರು ಅಮ್ಮ ಆಗಿದೆ, ಬೇವಿನ ಸೊಪ್ಪು ಇಡಿ, ಆಸ್ಪತ್ರೆಗೆ ಬೇಡ ಅಂದ್ರೆ ಸೊಪ್ಪು ಇಟ್ಕೊಂಡೇ ಹೋಗಿ, ಜಗಳ ಬೇಡ. ಆಸ್ಪಿರಿನ್ ಮಾತ್ರ ನೀವಾಗೇ ಕೊಡ್ಬೇಡಿ. ಮಗು ಮಂಕಾಗಿ ಕಣ್ಣು ಬಿಡದಿದ್ರೆ, ಕೈಕಾಲು ತಣ್ಣಗಾದ್ರೆ, ಗಾಜಿನ ಲೋಟ ಒತ್ತಿದ್ರೂ ಮಾಸದ ನೇರಳೆ ಚುಕ್ಕಿ ಕಂಡ್ರೆ ತಕ್ಷಣ 108ಕ್ಕೆ ಫೋನ್ ಮಾಡಿ. ಐವಿಐಜಿ ದುಬಾರಿ, ಆಯುಷ್ಮಾನ್ ಕಾರ್ಡ್ ಜೊತೆಗಿರ್ಲಿ, ಕೋಲಾರದಲ್ಲಿ ಸಿಗ್ಲಿಲ್ಲ ಅಂದ್ರೆ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಗೆ ಕಳ್ಸಕ್ಕೆ ಕೇಳಿ.